ಹಳೆಯ ಜೀಪಿನ ಕ್ರೌನ್ ಪಿನಿಯನ್ ಬದಲಿಸಿದರೆ ಎಂಜಿನ್ನಿನ ಕೂಗು ಇಳಿಯುವುದೇ?

ಗಿರಿನಗರದ ಜೀಪು (ಮೂಲ ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಸಕಲೇಶಪುರದ ಕಾಫಿ ತೋಟವೊಂದರಿಂದ ಕೊಂಡು ತಂದಿದ್ದ ವಿಲ್ಲೀಸ್ ಮಾದರಿಯ ಹಳೆಯ ಪೆಟ್ರೋಲ್ ಜೀಪನ್ನು ಎರಡು ವರ್ಷ ಹಿಡಿದು ರಿಪೇರಿ ಮಾಡಿಸಿ, ಈಚೆಗೆ ರಸ್ತೆಗೆ ಇಳಿಸಿದ್ದೇನೆ. 2.2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಮೂರು ಗೇರುಗಳ ಮೂಲ ಗೇರ್‌ಬಾಕ್ಸ್, 6.00-16 ಅಳತೆಯ ಟೈರುಗಳು ಇವೆ. ನಗರದೊಳಗೆ ಓಡಿಸುವಾಗ ಯಾವ ದೂರೂ ಇಲ್ಲ. ಆದರೆ ನೆಲಮಂಗಲ ದಾಟಿ ಹಾಸನದ ರಸ್ತೆ ಹಿಡಿದು ಸ್ಪೀಡೋಮೀಟರಿನ ಮುಳ್ಳು 80ಕ್ಕೆ ಬಂದೊಡನೆ ಎಂಜಿನ್ ಎಷ್ಟು ಕೂಗುತ್ತದೆಂದರೆ, ಪಕ್ಕದಲ್ಲಿ ಕುಳಿತ ನನ್ನ ಹೆಂಡತಿ ಕುಣಿಗಲ್ ಬರುವವರೆಗೂ ಮಾತನ್ನೇ ಆಡುವುದಿಲ್ಲ.

ಕೈಪಿಡಿಯ ಪ್ರಕಾರ ಆಕ್ಸಲ್ ಅನುಪಾತ 5.38. ಗ್ಯಾರೇಜಿನವರು ಅದನ್ನು ತೆಗೆದು 4.27ರ ಕ್ರೌನ್ ಪಿನಿಯನ್ ಹಾಕಿಸಿದರೆ 'ಕಾರಿನ ಹಾಗೆ' ಓಡುತ್ತದೆ ಎನ್ನುತ್ತಾರೆ. ಹಾಗೆ ಮಾಡುವುದು ಸರಿಯೇ? ಲೀಟರಿಗೆ ಈಗ 8 ಕಿಲೋಮೀಟರ್ ಕೊಡುತ್ತಿರುವುದು ಸ್ವಲ್ಪವಾದರೂ ಏರುವುದೇ? ಫೋರ್‌ವೀಲ್ ಲಿವರ್ ಒಮ್ಮೆ ಹಾಕಿದರೆ ಮತ್ತೆ ಬಿಡಿಸಲು ಹಿಂದೆ ಮುಂದೆ ಒದ್ದಾಡಬೇಕಾಗುತ್ತದೆ. ಅದು ಬೇರೆಯ ವಿಷಯವಾದ್ದರಿಂದ ಇನ್ನೊಮ್ಮೆ ಕೇಳುತ್ತೇನೆ.

ಹಲ್ಲಿನ ಲೆಕ್ಕ

ಮೊದಲು ಲೆಕ್ಕ ಮಾಡೋಣ, ಅಭಿಪ್ರಾಯ ಆಮೇಲೆ ಇರಲಿ.

ಎಂಜಿನ್ ಕಡೆಯಿಂದ ಆಕ್ಸಲಿಗೆ ಬಲ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನ ತುದಿಯಲ್ಲಿರುವ ಚಿಕ್ಕ ಹಲ್ಲುಚಕ್ರವೇ ಪಿನಿಯನ್. ಅದು ತಿರುಗಿಸುವ ದೊಡ್ಡದು ಕ್ರೌನ್ ವೀಲ್. ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43 ಹಲ್ಲು ಇದ್ದರೆ, ಚಕ್ರ ಒಂದು ಸುತ್ತು ಬರಲು ಶಾಫ್ಟ್ ಐದು ಸುತ್ತು ಮತ್ತು ಇನ್ನೊಂದು ಸುತ್ತಿನ ಎಂಟರಲ್ಲಿ ಮೂರು ಪಾಲು ತಿರುಗಬೇಕು. 5.38 ಎನ್ನುವುದು ಇದನ್ನೇ. ನಿಮ್ಮ ಗೇರ್‌ಬಾಕ್ಸಿನಲ್ಲಿ ಟಾಪ್ ಗೇರ್ ನೇರ, ಅಂದರೆ ಒಂದಕ್ಕೆ ಒಂದು. ಆದ್ದರಿಂದ ಟಾಪ್‌ನಲ್ಲಿ ಶಾಫ್ಟ್ ತಿರುಗಿದಷ್ಟೇ ಎಂಜಿನ್ನೂ ತಿರುಗುತ್ತದೆ.

ಇನ್ನು ಟೈರಿನ ಸುತ್ತಳತೆ ಬೇಕು. ಪಟ್ಟಿಯಲ್ಲಿರುವ ವ್ಯಾಸವನ್ನು ನಂಬಬೇಡಿ, ಏಕೆಂದರೆ ಗಾಡಿಯ ಭಾರಕ್ಕೆ ಟೈರು ಕೆಳಗೆ ಸ್ವಲ್ಪ ಅಮುಕಿಕೊಳ್ಳುತ್ತದೆ. ಟೈರಿನ ಮೇಲೂ ನೆಲದ ಮೇಲೂ ಸೀಮೆಸುಣ್ಣದ ಗುರುತು ಹಾಕಿ, ಜೀಪನ್ನು ಒಂದು ಸುತ್ತು ತಳ್ಳಿ, ಟೇಪಿನಿಂದ ಅಳೆಯಿರಿ. ಅದು 2.2 ಮೀಟರ್ ಬಂದಿತು ಎಂದುಕೊಳ್ಳಿ. ಗಂಟೆಗೆ 60 ಕಿಲೋಮೀಟರ್ ಎಂದರೆ ನಿಮಿಷಕ್ಕೆ ಸರಿಯಾಗಿ 1000 ಮೀಟರ್. ಇದೊಂದನ್ನು ನೆನಪಿಟ್ಟುಕೊಂಡರೆ ಉಳಿದ ಲೆಕ್ಕವನ್ನು ಬಾಯಲ್ಲೇ ಮಾಡಬಹುದು. 1000ವನ್ನು 2.2ರಿಂದ ಭಾಗಿಸಿದರೆ ಚಕ್ರ ನಿಮಿಷಕ್ಕೆ ಸುಮಾರು 455 ಸುತ್ತು. ಅದನ್ನು 5.38ರಿಂದ ಗುಣಿಸಿದರೆ ಎಂಜಿನ್ 2445 ಸುತ್ತು. 80ರಲ್ಲಿ ಇದೇ 3260 ಆಗುತ್ತದೆ. 4.27 ಹಾಕಿಸಿದರೆ 80ರಲ್ಲಿ 2590ರ ಆಸುಪಾಸಿಗೆ ಇಳಿಯುತ್ತದೆ. ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚೇ ಕಡಿಮೆಯಾದಂತಾಯಿತು. ಗ್ಯಾರೇಜಿನವರು ಹೇಳಿದ್ದು ಅಷ್ಟರ ಮಟ್ಟಿಗೆ ನಿಜ.

ಗಿರಿನಗರದ ಜೀಪು

ತುಂಬಾ ಧನ್ಯವಾದಗಳು ಸರ್. ಮನೆಯ ಮುಂದಿನ ರಸ್ತೆಯಲ್ಲಿಯೇ ಸೀಮೆಸುಣ್ಣ ಹಿಡಿದು ಅಳೆದೆ, ತಾವು ಊಹಿಸಿದಂತೆಯೇ 2.2 ಮೀಟರ್ ಬಂದಿತು. ಗ್ಯಾರೇಜಿನವರ ಬಳಿ ಇದ್ದ ಆರ್‌ಪಿಎಂ ಮೀಟರನ್ನು ಕಾಯಿಲ್ ತಂತಿಗೆ ಸಿಕ್ಕಿಸಿಕೊಂಡು ನೈಸ್ ರಸ್ತೆಯಲ್ಲಿ ಓಡಿಸಿಯೂ ನೋಡಿದೆ. ಸ್ಪೀಡೋಮೀಟರ್ 60 ತೋರಿಸಿದಾಗ ಅದು 2450ರ ಹತ್ತಿರ ನಿಂತಿತು. ಆದ್ದರಿಂದ 5.38 ಇರುವುದು ಖಚಿತವಾಯಿತು.

ಪೀಣ್ಯದ ಗೇರ್ ಕಟ್ಟಿಂಗ್

3260 ಎನ್ನುವ ಸಂಖ್ಯೆ ಇಂದಿನ ಕಾರಿನವರಿಗೆ ಏನೂ ಅಲ್ಲವೆಂದು ತೋರಬಹುದು. ಆದರೆ ಈ ಎಂಜಿನ್ನಿನ ಸ್ಟ್ರೋಕ್ 111 ಮಿಲಿಮೀಟರ್. ಒಂದು ಸುತ್ತಿಗೆ ಪಿಸ್ಟನ್ ಅಷ್ಟು ಉದ್ದ ಮೇಲೆ ಹೋಗಿ ಅಷ್ಟೇ ಕೆಳಗೆ ಬರಬೇಕು, ಅಂದರೆ 3260 ಸುತ್ತಿನಲ್ಲಿ ಅದು ಸರಾಸರಿ ಸೆಕೆಂಡಿಗೆ 12 ಮೀಟರ್ ಓಡುತ್ತಿರುತ್ತದೆ. 74 ಮಿಲಿಮೀಟರ್ ಸ್ಟ್ರೋಕಿನ ಸಣ್ಣ ಕಾರಿನ ಎಂಜಿನ್ನಿನಲ್ಲಿ ಅದೇ ಸುತ್ತಿಗೆ 8 ಮೀಟರ್ ಅಷ್ಟೇ. ಈ ಜೀಪುಗಳ ಎಂಜಿನ್ ತನ್ನ ಪೂರ್ಣ ಶಕ್ತಿ ಕೊಡುವುದೇ 4000 ಸುತ್ತಿನಲ್ಲಿ, ಅದರಾಚೆಗೆ ಏನೂ ಉಳಿದಿರುವುದಿಲ್ಲ. ಹಾಗಾಗಿ ನಿಮ್ಮ ಶ್ರೀಮತಿಯವರ ಮೌನಕ್ಕೆ ಕಾರಣವಿದೆ.

ಇನ್ನೊಂದು ಮಾತು, ಇದು ನನ್ನ ಕಸುಬಿನ ಹುಚ್ಚು ಎಂದುಕೊಳ್ಳಿ. 43ಕ್ಕೆ 8, 39ಕ್ಕೆ 8, 47ಕ್ಕೆ 11, 41ಕ್ಕೆ 11 ಎಂಬ ಜೋಡಿಗಳನ್ನೇ ಏಕೆ ಆರಿಸುತ್ತಾರೆ, 40ಕ್ಕೆ 8 ಎಂದು ಸಲೀಸಾಗಿ ಏಕೆ ಮಾಡುವುದಿಲ್ಲ? 40ಕ್ಕೆ 8 ಇದ್ದರೆ ಪಿನಿಯನ್ನಿನ ಒಂದೊಂದು ಹಲ್ಲೂ ಪ್ರತಿ ಸಲ ಅದೇ ಐದು ಹಲ್ಲುಗಳನ್ನೇ ಮುಟ್ಟುತ್ತದೆ, ಒಂದು ಹಲ್ಲಿನ ದೋಷ ಆ ಐದಕ್ಕೂ ತಗಲುತ್ತದೆ. ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳಾದರೆ ಎಲ್ಲ ಹಲ್ಲುಗಳೂ ಸರದಿಯಂತೆ ಎಲ್ಲವನ್ನೂ ಮುಟ್ಟುತ್ತವೆ, ಸವೆತ ಸಮನಾಗುತ್ತದೆ.

ಹೊಸೂರು ರಸ್ತೆ

ಆಕ್ಸಲ್ ಬಿಚ್ಚುವ ತಾಪತ್ರಯವೇ ಬೇಡ. 7.00-16 ಟೈರು ಹಾಕಿಸಿ, ಸುತ್ತು ತಾನಾಗಿಯೇ ಇಳಿಯುತ್ತದೆ.

ಹಲ್ಲಿನ ಲೆಕ್ಕ

ಇಳಿಯುತ್ತದೆ, ಆದರೆ ಸುಮಾರು ನೂರಕ್ಕೆ ಏಳರಷ್ಟು ಮಾತ್ರ. 3260 ಇದ್ದದ್ದು 3050 ಆಗಬಹುದು. ಅದಕ್ಕಾಗಿ ಪವರ್ ಇಲ್ಲದ ಸ್ಟಿಯರಿಂಗನ್ನು ಇನ್ನಷ್ಟು ಭಾರ ಮಾಡಿಕೊಂಡು, ಮೊದಲೇ ಬಡವಾದ ಡ್ರಮ್ ಬ್ರೇಕುಗಳಿಗೆ ದೊಡ್ಡ ಚಕ್ರವನ್ನು ನಿಲ್ಲಿಸುವ ಕೆಲಸ ಕೊಡುವುದು ನನಗೆ ಸರಿಕಾಣುವುದಿಲ್ಲ.

ಮಲೆನಾಡಿನ ಮಗ

ನಾನು ಈಗ ವಿಜಯನಗರದಲ್ಲಿದ್ದರೂ ನಮ್ಮ ತೋಟದಲ್ಲಿ ಇಂಥದೇ ಜೀಪು ಇದೆ, ಆದ್ದರಿಂದ ಹೇಳುತ್ತಿದ್ದೇನೆ. 4.27 ಹಾಕಿಸಬೇಡಿ ಅಣ್ಣ. ಆಕ್ಸಲ್ ಅನುಪಾತ ಟಾಪ್ ಗೇರಿಗೆ ಮಾತ್ರ ಸೇರಿದ್ದಲ್ಲ. ಒಂದನೆಯ ಗೇರಿನಿಂದ ರಿವರ್ಸಿನವರೆಗೆ ಎಲ್ಲವನ್ನೂ ಅದು ಗುಣಿಸುತ್ತದೆ. ನಮ್ಮ ಮೂರು ಗೇರಿನ ಬಾಕ್ಸಿನಲ್ಲಿ ಫಸ್ಟ್ ಗೇರ್ 2.8, ಅದನ್ನು 5.38ರಿಂದ ಗುಣಿಸಿದರೆ ಒಟ್ಟು 15. ಎಂಜಿನ್ನಿನ ತಿರುಚು ಬಲ ಚಕ್ರಕ್ಕೆ ಹೋಗುವಾಗ ಹದಿನೈದು ಪಟ್ಟು ಆಗುತ್ತದೆ ಎಂದರ್ಥ, ನಡುವೆ ಗೇರಿನ ಉಜ್ಜಾಟದಲ್ಲಿ ಹೋಗುವ ಸ್ವಲ್ಪವನ್ನು ಬಿಟ್ಟು. 4.27 ಆದರೆ ಅದು 12ಕ್ಕೆ ಇಳಿಯುತ್ತದೆ. ಮಳೆಗಾಲದ ತೋಟದ ರಸ್ತೆಯಲ್ಲಿ, ಹಿಂದೆ ಗೊಬ್ಬರದ ಮೂಟೆ ಹೇರಿಕೊಂಡು ಏರು ಹತ್ತುವಾಗ, ಆ ಮೂರು ಪಟ್ಟಿನ ವ್ಯತ್ಯಾಸ ಏನೆಂದು ಕ್ಲಚ್ಚಿನ ವಾಸನೆಯೇ ಹೇಳುತ್ತದೆ.

ತೋಟಕ್ಕೆ ಹೋಗುವುದಿಲ್ಲ, ಬೆಂಗಳೂರಿನಲ್ಲೇ ಓಡಿಸುತ್ತೇನೆ ಎನ್ನುವಿರಾದರೂ ಲೆಕ್ಕ ಅದೇ. ಎಂಜಿನ್ ಐಡಲ್‌ನಲ್ಲಿ 600 ಸುತ್ತು ಇದ್ದರೆ, ಫಸ್ಟ್ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟಾಗ ಈಗ ಗಂಟೆಗೆ ಸುಮಾರು 5.3 ಕಿಲೋಮೀಟರ್ ವೇಗದಲ್ಲಿ ತೆವಳುತ್ತದೆ. ಅದು ಮನುಷ್ಯ ನಡೆಯುವ ವೇಗ, ಸಂಜೆ ಸಿಲ್ಕ್ ಬೋರ್ಡಿನ ವೇಗವೂ ಅದೇ. 4.27ರಲ್ಲಿ ಅದು 6.6 ಆಗುತ್ತದೆ. ಮುಂದಿನ ಗಾಡಿ ಐದರಲ್ಲಿ ಹೋಗುತ್ತಿದ್ದರೆ ನಿಮ್ಮ ಎಡಗಾಲು ಕ್ಲಚ್ಚಿನ ಮೇಲಿಂದ ಇಳಿಯುವುದೇ ಇಲ್ಲ.

ಹಲ್ಲಿನ ಲೆಕ್ಕ

ಮಲೆನಾಡಿನ ಮಗ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಿಮ್ಮ ಸೆಕೆಂಡ್ ಗೇರ್ 1.55. 4.27ರ ಆಕ್ಸಲ್ ಹಾಕಿಸಿಕೊಂಡು 80ರಲ್ಲಿ ಆರಾಮವಾಗಿ 2590 ಸುತ್ತಿನಲ್ಲಿ ಹೋಗುತ್ತಿದ್ದೀರಿ, ಎದುರಿಗೆ ಉದ್ದನೆಯ ಏರು ಬಂದಿತು, ಟಾಪ್ ಎಳೆಯಲಿಲ್ಲ ಎಂದುಕೊಳ್ಳಿ. ಸೆಕೆಂಡಿಗೆ ಹಾಕಿದರೆ ಸುತ್ತು ನೇರವಾಗಿ 4000ಕ್ಕೆ ಜಿಗಿಯುತ್ತದೆ, ಅದು ಎಂಜಿನ್ನಿನ ಮಿತಿ. ಹಾಕದಿದ್ದರೆ ಟಾಪ್‌ನಲ್ಲೇ ಉಸಿರುಗಟ್ಟಿ 60ಕ್ಕೆ ಇಳಿಯುತ್ತದೆ. ನಡುವೆ ನಿಲ್ಲಲು ಮೆಟ್ಟಿಲೇ ಇಲ್ಲ. ಮೇಲಾಗಿ ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ನೂರಕ್ಕೆ ಎಂಟೊಂಬತ್ತರಷ್ಟು ಕಡಿಮೆ, ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ತಗ್ಗುತ್ತದೆ. ಇನ್ನು ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, 60ರಲ್ಲಿ ಒಂದು ಪಾಲು ಬೇಕಾದದ್ದು 80ರಲ್ಲಿ 2.4 ಪಾಲು ಬೇಕು. ಜೀಪಿನ ಮೂತಿಯಾದರೋ ಗೋಡೆಯಂತಿದೆ.

ಯಲಹಂಕ ಹ್ಯಾಚ್‌ಬ್ಯಾಕ್

ಅರ್ಥವಾಗದೆ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನನ್ನ ಸಣ್ಣ ಕಾರು ಏರನ್ನೂ ಹತ್ತುತ್ತದೆ, 80ರಲ್ಲಿ 2300 ಸುತ್ತಿನಲ್ಲಿ ತಣ್ಣಗೆ ಓಡುತ್ತದೆ. ಅದರ ಆಕ್ಸಲ್ ಅನುಪಾತ 4.1 ಎಂದು ಕೈಪಿಡಿಯಲ್ಲಿದೆ. ಹಾಗಾದರೆ 4ರ ಹತ್ತಿರದ ಅನುಪಾತ ಅಷ್ಟು ಕೆಟ್ಟದ್ದು ಹೇಗಾಯಿತು?

ಪೀಣ್ಯದ ಗೇರ್ ಕಟ್ಟಿಂಗ್

ಪ್ರಶ್ನೆ ಚೆನ್ನಾಗಿದೆ, ಉತ್ತರ ನಿಮ್ಮ ಐದನೆಯ ಗೇರಿನಲ್ಲಿದೆ. ಅದು ಸುಮಾರು 0.8 ಇರುತ್ತದೆ, ಅಂದರೆ ಅಲ್ಲಿ ಶಾಫ್ಟ್ ಎಂಜಿನ್ನಿಗಿಂತ ವೇಗವಾಗಿ ತಿರುಗುತ್ತದೆ. ಇದನ್ನೇ ಓವರ್‌ಡ್ರೈವ್ ಎನ್ನುತ್ತೇವೆ. 0.8ನ್ನು 4.1ರಿಂದ ಗುಣಿಸಿದರೆ ಒಟ್ಟು 3.28. ನಿಮ್ಮ 14 ಇಂಚಿನ ಟೈರು ಒಂದು ಸುತ್ತಿಗೆ 1.9 ಮೀಟರ್ ಹೋಗುವುದಾದರೆ 80ರಲ್ಲಿ 2300 ಸುತ್ತು, ಲೆಕ್ಕ ಸರಿಹೋಯಿತಲ್ಲವೇ? ಆದರೆ ಅದೇ 4.1 ನಿಮ್ಮ ಮೂರೂವರೆ ಪಟ್ಟಿನ ಫಸ್ಟ್ ಗೇರಿನ ಜೊತೆ ಸೇರಿದಾಗ 14ಕ್ಕೂ ಹೆಚ್ಚಾಗಿ ಏರನ್ನು ಎಳೆಯುತ್ತದೆ. ನಿಮ್ಮ ಕಾರಿನಲ್ಲಿ 14ಕ್ಕೂ 3.28ಕ್ಕೂ ನಡುವೆ ಐದು ಮೆಟ್ಟಿಲುಗಳಿವೆ. ಜೀಪಿನಲ್ಲಿ 15ಕ್ಕೂ 5.38ಕ್ಕೂ ನಡುವೆ ಮೂರೇ. ಅಂದಹಾಗೆ, ಮುಂದಿನ ಚಕ್ರ ಎಳೆಯುವ ನಿಮ್ಮ ಕಾರಿನಲ್ಲಿ ಪ್ರತ್ಯೇಕವಾದ ಆಕ್ಸಲ್ ಹೌಸಿಂಗ್ ಇರುವುದಿಲ್ಲ, ಅಡ್ಡಲಾಗಿ ಕೂತ ಗೇರ್‌ಬಾಕ್ಸಿನೊಳಗೇ ಕೊನೆಯ ಜೋಡಿ ಅಡಗಿರುತ್ತದೆ.

ಗಿರಿನಗರದವರೇ, ನನ್ನ ಅಭಿಪ್ರಾಯವೂ ಇದರಲ್ಲೇ ಬಂದಿತು. ನಿಮಗೆ ಕೊರತೆಯಾಗಿರುವುದು ಒಂದು ಗೇರು. ಅದಕ್ಕೆ ಆಕ್ಸಲನ್ನು ತಿದ್ದಲು ಹೊರಟರೆ, ಒಂದು ಕೋಣೆಯ ಸೆಕೆ ತಡೆಯಲಾರದೆ ಇಡೀ ಮನೆಯ ಹೆಂಚು ತೆಗೆದ ಹಾಗೆ. ಈ ಜೀಪುಗಳ ಟ್ರಾನ್ಸ್‌ಫರ್ ಕೇಸಿನ (ಹಿಂದಿನ, ಮುಂದಿನ ಆಕ್ಸಲುಗಳಿಗೆ ಬಲ ಹಂಚುವ ಪೆಟ್ಟಿಗೆ) ಹಿಂಬದಿಗೆ ಸೇರಿಸುವ ಓವರ್‌ಡ್ರೈವ್ ಪೆಟ್ಟಿಗೆಗಳು ಇವೆ, ಬೇಕಾದಾಗ ಮಾತ್ರ ಸುತ್ತನ್ನು ಸುಮಾರು ಕಾಲು ಭಾಗ ಇಳಿಸುತ್ತವೆ. ದುಬಾರಿ, ಸಿಗುವುದೂ ಕಷ್ಟ, ಆದರೆ ದಾರಿ ಅದು.

ಬ್ಯಾಟರಿ ಭಕ್ತ

ಇದನ್ನೆಲ್ಲ ಓದಿದಾಗ ನಮ್ಮ ಬೆಂಗಳೂರಿನಲ್ಲೇ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ನೆನಪಾಗುತ್ತದೆ. ಗೇರು ಬದಲಿಸುವ ಗೊಡವೆಯೇ ಇರಲಿಲ್ಲ. ಮೋಟಾರಿಗೆ ಶೂನ್ಯ ಸುತ್ತಿನಲ್ಲೇ ಪೂರ್ತಿ ಎಳೆತ ಇರುವುದರಿಂದ ಒಂದೇ ಅನುಪಾತ ಸಾಕಾಗುತ್ತದೆ.

ನಿವೃತ್ತ ಮೇಷ್ಟ್ರು, ಹನುಮಂತನಗರ

ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಕಳೆದವನು ನಾನು. ಇಲ್ಲಿಯವರೆಗಿನ ಲೆಕ್ಕಗಳಲ್ಲಿ ತಪ್ಪಿಲ್ಲ, ಆದರೆ ಎಲ್ಲರೂ ಕೈಪಿಡಿಯ 5.38ನ್ನು ನಂಬಿಕೊಂಡು ಕುಳಿತಿದ್ದೀರಿ. ಆರ್‌ಪಿಎಂ ಮೀಟರಿನಿಂದ ಅದು ಖಚಿತವಾಯಿತೆಂದು ಗಿರಿನಗರದವರು ಬರೆದಿದ್ದಾರೆ. ಖಚಿತವಾಗಿಲ್ಲ ಸ್ವಾಮಿ. ಈ ಜೀಪಿನ ಸ್ಪೀಡೋಮೀಟರ್ ಕೇಬಲ್ಲು ಹೊರಡುವುದು ಟ್ರಾನ್ಸ್‌ಫರ್ ಕೇಸಿನ ಹಿಂಬದಿಯ ಶಾಫ್ಟಿನಿಂದ. ಅದು ಎಣಿಸುವುದು ಪ್ರೊಪೆಲ್ಲರ್ ಶಾಫ್ಟಿನ ಸುತ್ತನ್ನು, ಚಕ್ರದ್ದನ್ನಲ್ಲ. ಟಾಪ್ ಗೇರಿನಲ್ಲಿ ಶಾಫ್ಟಿನ ಸುತ್ತೂ ಎಂಜಿನ್ನಿನ ಸುತ್ತೂ ಒಂದೇ ಆದ್ದರಿಂದ, ಒಂದೇ ಸುತ್ತನ್ನು ಎರಡು ಮೀಟರುಗಳಲ್ಲಿ ಓದಿ 'ತಾಳೆಯಾಯಿತು' ಎಂದ ಹಾಗಾಯಿತು. ಹಿಂದಿನ ಆಕ್ಸಲಿನಲ್ಲಿ ಯಾವ ಹಲ್ಲಿದೆ ಎಂಬುದು ಆ ಪರೀಕ್ಷೆಗೆ ಗೊತ್ತೇ ಆಗುವುದಿಲ್ಲ.

ಎರಡನೆಯದು, ಬೇರೆಯ ವಿಷಯವೆಂದು ತಾವು ಬದಿಗಿಟ್ಟ ಫೋರ್‌ವೀಲ್ ಲಿವರು. ಒಣ ರಸ್ತೆಯಲ್ಲಿ ಹಾಕಿದರೆ ಯಾವ ಜೀಪಿನಲ್ಲಾದರೂ ಸ್ವಲ್ಪ ಬಿಗಿಯುತ್ತದೆ, ಸರಿ. ತಮ್ಮದು ಕೆಸರಿನಲ್ಲೂ ಹಾಗೆಯೇ ಬಿಗಿಯುವುದೇ?

ದಯವಿಟ್ಟು ಎರಡು ಕೆಲಸ ಮಾಡಿ. ಮೊಬೈಲಿನ ಜಿಪಿಎಸ್ ವೇಗವನ್ನು ಸ್ಪೀಡೋಮೀಟರಿನ ಜೊತೆ ಹೋಲಿಸಿ. ಆಮೇಲೆ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಆಕ್ಸಲಿನ ಸುತ್ತು ಎಣಿಸಿ. ಈ ಜೀಪಿನ ಹ್ಯಾಂಡ್‌ಬ್ರೇಕ್ ಹಿಡಿಯುವುದು ಪ್ರೊಪೆಲ್ಲರ್ ಶಾಫ್ಟನ್ನು, ಆದ್ದರಿಂದ ಎಣಿಸುವಾಗ ಅದನ್ನು ಬಿಡಲೇಬೇಕು. ಬಿಟ್ಟ ಮೇಲೆ ಜೀಪು ಜಾರದಂತೆ ನೆಲದಲ್ಲಿರುವ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಕಲ್ಲು ಕೊಟ್ಟಿರಬೇಕು, ಜ್ಯಾಕಿನ ಜೊತೆಗೆ ಸ್ಟ್ಯಾಂಡೂ ಇಡಬೇಕು. ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು ಹಿಂದಿನ ಒಂದೇ ಚಕ್ರವನ್ನು ಎತ್ತಿ, ಅದನ್ನು ಕೈಯಿಂದ ಸರಿಯಾಗಿ ಎರಡು ಸುತ್ತು ತಿರುಗಿಸಿ. ಇನ್ನೊಂದು ಚಕ್ರ ನಿಂತಿರುವುದರಿಂದ, ಎರಡು ಚಕ್ರಗಳನ್ನು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ಆ ಎರಡು ಸುತ್ತನ್ನು ಕ್ರೌನಿನ ಒಂದು ಸುತ್ತಾಗಿ ಮಾಡುತ್ತದೆ. ಅಷ್ಟರಲ್ಲಿ ಶಾಫ್ಟ್ ಎಷ್ಟು ಸುತ್ತು ಬಂದಿತೋ ಅದೇ ಅನುಪಾತ. ಮುಂದಿನ ಆಕ್ಸಲಿಗೂ ಫೋರ್‌ವೀಲ್ ಬಿಡಿಸಿಟ್ಟು ಹೀಗೆಯೇ ಮಾಡಿ.

ಗಿರಿನಗರದ ಜೀಪು

ಮೇಷ್ಟ್ರೇ, ತಮಗೆ ಇಲ್ಲಿಂದಲೇ ನಮಸ್ಕಾರ. ಭಾನುವಾರ ಬೆಳಿಗ್ಗೆ ತಾವು ಹೇಳಿದಂತೆಯೇ ಮಾಡಿದೆ, ಶಾಫ್ಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು ನನ್ನ ಮಗಳು ಜೀಪಿನ ಕೆಳಗೆ ಮಲಗಿ ಎಣಿಸಿದಳು. ಮುಂದಿನ ಆಕ್ಸಲಿನಲ್ಲಿ ಶಾಫ್ಟ್ ಐದೂ ಕಾಲು ದಾಟಿ, ಐದೂವರೆಗೆ ಮೊದಲೇ ನಿಂತಿತು. ಹಿಂದಿನದರಲ್ಲಿ ಐದು ಸುತ್ತು ತುಂಬಲೇ ಇಲ್ಲ. ತಪ್ಪಾಗಿರಬೇಕೆಂದು ಮೂರು ಸಲ ಎಣಿಸಿದೆವು, ಮೂರು ಸಲವೂ ಐದಕ್ಕೆ ಎಂಟನೆಯ ಒಂದು ಪಾಲು ಕಡಿಮೆ.

ಜಿಪಿಎಸ್ ನೋಡಿದರೆ, ಸ್ಪೀಡೋಮೀಟರ್ 60 ಎಂದಾಗ ನಿಜವಾದ ವೇಗ 66. ಕೆಸರಿನಲ್ಲೂ ಲಿವರ್ ಬಿಗಿಯುತ್ತದೆ.

ಹಲ್ಲಿನ ಲೆಕ್ಕ

ನಾನೂ ಮೋಸಹೋದೆ, ಒಪ್ಪಿಕೊಳ್ಳುತ್ತೇನೆ. ಹಿಂದೆ ಇರುವುದು 39ಕ್ಕೆ 8, ಅಂದರೆ 4.88. ಮುಂದೆ ಮೂಲದ 43ಕ್ಕೆ 8. ಹಿಂದೆ ಯಾರೋ ಹಿಂದಿನ ಆಕ್ಸಲ್ ಕೆಟ್ಟಾಗ ಕೈಗೆ ಸಿಕ್ಕಿದ್ದನ್ನು ಹಾಕಿರಬೇಕು. ಈಗ ಎಲ್ಲವೂ ಕೂಡಿಬರುತ್ತದೆ. ಸ್ಪೀಡೋಮೀಟರ್ 80 ಎನ್ನುವಾಗ ಎಂಜಿನ್ 3260 ಸುತ್ತಿನಲ್ಲೇ ಕೂಗುತ್ತಿತ್ತು, ಅದು ಸುಳ್ಳಲ್ಲ. ಆದರೆ ನೀವು ಹೋಗುತ್ತಿದ್ದದ್ದು 80ರಲ್ಲಿ ಅಲ್ಲ, 88ರಲ್ಲಿ. ನಿಜವಾದ 80ಕ್ಕೆ ಇಳಿದರೆ ಸುತ್ತು 2955. ಕಿಲೋಮೀಟರ್ ಎಣಿಕೆಯೂ ಅದೇ ಕೇಬಲ್ಲಿನದಾದ್ದರಿಂದ, ನಿಮ್ಮ ಲೀಟರಿಗೆ 8 ಎಂಬುದು ವಾಸ್ತವದಲ್ಲಿ 8.8. ಒಂದು ನಟ್ಟು ಬಿಚ್ಚದೆ ಮೈಲೇಜು ಏರಿದ್ದು ಇದೇ ಮೊದಲಿರಬೇಕು!

ಮಲೆನಾಡಿನ ಮಗ

ಲಿವರಿನ ಕಥೆ ಇದೇ ನೋಡಿ. ಫೋರ್‌ವೀಲ್ ಹಾಕಿದಾಗ ಎರಡೂ ಶಾಫ್ಟುಗಳು ಒಂದಕ್ಕೊಂದು ಕಟ್ಟಿಕೊಂಡು ಒಂದೇ ಸುತ್ತಿನಲ್ಲಿ ತಿರುಗುತ್ತವೆ. ಹಿಂದಿನ ಚಕ್ರ 100 ಮೀಟರ್ ಹೋಗುವಷ್ಟರಲ್ಲಿ ಮುಂದಿನದು 91ಕ್ಕೂ ಕಡಿಮೆ ಹೋಗಲು ನೋಡುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವುದು ಇದನ್ನೇ. ಇದನ್ನು ಸರಿಮಾಡುವವರೆಗೆ ದಯವಿಟ್ಟು ಆ ಲಿವರನ್ನು ಮುಟ್ಟಬೇಡಿ, ಟ್ರಾನ್ಸ್‌ಫರ್ ಕೇಸು ಒಡೆದೀತು. ಹಿಂದಿನದಕ್ಕೆ ಮಾತ್ರ 4.27 ಹಾಕಿಸಿದ್ದರೆ ಇನ್ನೂ ಕೆಡುತ್ತಿತ್ತು.

ಗಿರಿನಗರದ ಜೀಪು

ಹಾಗಾದರೆ ಹಿಂದಿನದನ್ನು 5.38ಕ್ಕೆ ಮರಳಿಸಲೋ, ಮುಂದಿನದನ್ನು 4.88ಕ್ಕೆ ತರಲೋ?

ನಿವೃತ್ತ ಮೇಷ್ಟ್ರು, ಹನುಮಂತನಗರ

ಮುಂದಿನದನ್ನು 4.88ಕ್ಕೆ ತನ್ನಿ. ಹಿಂದಿನ ಆಕ್ಸಲ್ ಸದ್ದಿಲ್ಲದೆ ಕೆಲಸ ಮಾಡುತ್ತಿದ್ದರೆ ಅದನ್ನು ಬಿಚ್ಚಿ ಕಲಕುವುದೇಕೆ? ಫಸ್ಟ್ ಗೇರಿನಲ್ಲಿ 15ರ ಬದಲು 13.6 ಸಿಗುತ್ತಿದೆ, ಅದರಲ್ಲೇ ತಾವು ಇಷ್ಟು ದಿನ ದೂರಿಲ್ಲದೆ ಓಡಿಸಿದ್ದೀರಿ. ಸ್ಪೀಡೋಮೀಟರಿನ ಪುಟ್ಟ ಗೇರನ್ನು ಹೊಸ ಅನುಪಾತಕ್ಕೆ ತಕ್ಕಂತೆ ಬದಲಿಸಿ. ಆದರೆ ಎಚ್ಚರ, ಮುಂದಿನ ಆಕ್ಸಲಿನ ಕ್ರೌನ್ ಹಿಂದಿನದಕ್ಕಿಂತ ಚಿಕ್ಕದು. ಅಂಗಡಿಯವರು '4.88 ತಾನೇ' ಎಂದು ಹಿಂದಿನ ಆಕ್ಸಲಿನ ಜೋಡಿಯನ್ನು ಕಟ್ಟಿಕೊಟ್ಟರೆ ಒಳಗೆ ಕೂರುವುದಿಲ್ಲ.

ಗಿರಿನಗರದ ಜೀಪು

ಓವರ್‌ಡ್ರೈವ್ ಸದ್ಯಕ್ಕೆ ಬೇಡ, ಜಿಪಿಎಸ್ ನೋಡಿಕೊಂಡು 70ರಲ್ಲಿ ಹೋಗಿಬಂದೆವು, ಮನೆಯವರು ಮಾತನಾಡಿದರು. ಶನಿವಾರ ಜೆ.ಸಿ. ರಸ್ತೆಗೂ ಶಿವಾಜಿನಗರದ ಗುಜರಿಗೂ ಹೋಗುವವನಿದ್ದೇನೆ. ಹಳೆಯ ಜೋಡಿ ಸಿಕ್ಕರೆ ಏನೇನು ನೋಡಿ ಕೊಳ್ಳಬೇಕು?

ಪೀಣ್ಯದ ಗೇರ್ ಕಟ್ಟಿಂಗ್

ಕ್ರೌನನ್ನೂ ಪಿನಿಯನ್ನನ್ನೂ ಒಂದಕ್ಕೊಂದು ಉಜ್ಜಿ ಹೊಂದಿಸಿ, ಎರಡರ ಮೇಲೂ ಒಂದೇ ಜೋಡಿ ಸಂಖ್ಯೆ ಒತ್ತಿರುತ್ತಾರೆ. ಆ ಸಂಖ್ಯೆ ಬೇರೆಬೇರೆ ಇದ್ದರೆ ಎಷ್ಟು ಅಗ್ಗವಾದರೂ ಬಿಟ್ಟುಬನ್ನಿ, ಓಡಿದ ಮೊದಲ ದಿನದಿಂದಲೇ ಊಳಿಡುತ್ತದೆ. ಹಲ್ಲುಗಳನ್ನು ಅಂಗಡಿಯಲ್ಲೇ ಎಣಿಸಿ, 39 ಮತ್ತು 8 ಇರಬೇಕು. ಪಿನಿಯನ್ ಹಲ್ಲಿನ ಅಂಚು ಕೈಗೆ ಬ್ಲೇಡಿನಂತೆ ಚೂಪಾಗಿ ತಾಗಿದರೆ ಸವೆದಿದೆ ಎಂದರ್ಥ. ಕೂರಿಸುವಾಗ ಶಿಮ್ (ತೆಳುವಾದ ಲೋಹದ ಬಿಲ್ಲೆ) ಕೊಟ್ಟು ಹಲ್ಲುಗಳ ನಡುವಿನ ಸಡಿಲವನ್ನು 0.13ರಿಂದ 0.25 ಮಿಲಿಮೀಟರಿನೊಳಗೆ ತರಬೇಕು, ಆಮೇಲೆ ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುವುದನ್ನು ತಾವೇ ಕಣ್ಣಾರೆ ನೋಡಬೇಕು. ಡಯಲ್ ಗೇಜ್ ಇಲ್ಲದೆ ಕೈಯಲ್ಲೇ ಅಲ್ಲಾಡಿಸಿ 'ಸರಿ ಇದೆ ಸರ್' ಎನ್ನುವವರ ಕೈಗೆ ಕೊಡಬೇಡಿ. ಶನಿವಾರ ಮಧ್ಯಾಹ್ನದೊಳಗೆ ಹೋಗಿ, ಪಿನಿಯನ್ನನ್ನು ಪೀಣ್ಯಕ್ಕೆ ತಂದರೆ ನಾನೂ ಒಮ್ಮೆ ನೋಡುತ್ತೇನೆ.